ರತ್ನಾಕರನಿಗೆ ಅನ್ನವಿಕ್ಕಿದ ಮನೆ

ಬಂಟ್ವಾಳದ ದಾರಿಯಿಂದ ಮೂಡುಬಿದಿರೆಗೆ ಬಂದು ಸಾವಿರಕಂಬದ ಬಸದಿಯನ್ನು ನೋಡುವವರು 1430ರ ಆ ಶಿಲ್ಪವೈಭವಕ್ಕೆ ಮನಸೋತು ಹಿಂದಿರುಗುವರು. ನನ್ನನ್ನಾದರೋ, ಇಂದು ಕುರುಹೇ ಉಳಿಯದ ಒಂದು ಮನೆ, ಈ ಊರಿನ ಕವಿ ರತ್ನಾಕರವರ್ಣಿಯ ಸೋದರಿಯ ಮನೆ, ಮತ್ತೆಮತ್ತೆ ಕಾಡುತ್ತದೆ.

ಹದಿನಾರನೆಯ ಶತಮಾನದ ಈ ಕವಿಯ ಐತಿಹ್ಯವನ್ನು ದೇವಚಂದ್ರನು ‘ರಾಜಾವಳೀ ಕಥೆ’ಯಲ್ಲಿ ಹೇಳಿದ್ದಾನೆ. ತನ್ನ ‘ಭರತೇಶ ವೈಭವ’ವನ್ನು ಆನೆಯ ಮೇಲೆ ಮೆರೆಯಿಸಬೇಕೆಂದು ಕವಿ ಬಯಸಿದಾಗ, ಅದರ ಕೆಲವು ಪದ್ಯಗಳು ಶಾಸ್ತ್ರವಿರುದ್ಧವೆಂದು ಜೈನಪೀಠದ ಭಟ್ಟಾರಕರು ಒಪ್ಪಲಿಲ್ಲ, ವಿರಸ ಬೆಳೆದು, ಜೈನ ಗೃಹಸ್ಥರಾದ ಶ್ರಾವಕರಾರೂ ಅವನಿಗೆ ಆಹಾರವಿಕ್ಕಬಾರದೆಂದು ಕಟ್ಟಾಯಿತು, ಸೋದರಿಯ ಮನೆಯಲ್ಲಿ ಉಂಡು ಕೆಲಕಾಲ ಕಳೆದವನು ಕಡೆಗೆ ವೀರಶೈವನಾಗಿ, ಬಹಳ ದಿನಗಳ ಮೇಲೆ ಮರಳಿ ಜೈನನಾದನು.

ಬೆಳ್ತಂಗಡಿ ಸೀಮೆಯ ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆಯವರ ಆಡಳಿತದಲ್ಲಿರುವ ಶಿವನಿಗೆ ವೈಷ್ಣವ ಅರ್ಚಕರು ಪೂಜೆ ಸಲ್ಲಿಸುವ ನಾಡಿದು. ಇಲ್ಲಿ ಒಬ್ಬ ದೇವರಿಂದ ಮತ್ತೊಬ್ಬ ದೇವರ ಕಡೆಗಿನ ದಾರಿ ದುರ್ಗಮವಲ್ಲ. ಕವಿಯನ್ನು ನೋಯಿಸಿದುದು ದೇವರ ಬದಲಾವಣೆಯಲ್ಲ, ಮುಚ್ಚಿದ ಬಾಗಿಲುಗಳೆಂದೇ ನನ್ನ ನಂಬುಗೆ.

ಈ ನೋವು ಬರಿಯ ಮಾತಿನ ಅಲಂಕಾರವಲ್ಲ. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು, ಗಣಕಯಂತ್ರದ ಚೆಂಡಾಟವೊಂದರಲ್ಲಿ ಇದ್ದಕ್ಕಿದ್ದಂತೆ ಚೆಂಡು ಸಿಗದೆ ಹೊರಗುಳಿದವರ ಮಿದುಳನ್ನು ಪರೀಕ್ಷಿಸಿದಾಗ, ಶರೀರದ ವೇದನೆಯ ಸಂಕಟದಲ್ಲಿಯೂ ಪಾಲುಗೊಳ್ಳುವ ಒಂದು ಭಾಗವು ಅಲ್ಲಿ ಚುರುಕಾದುದು ಕಂಡುಬಂದಿತು. ಅಪರಿಚಿತರ ಆಟದಿಂದ ಹೊರಗಾದುದಕ್ಕೇ ಹೀಗಾದರೆ, ಹುಟ್ಟಿದೂರಿನ ಪಂಕ್ತಿಯಿಂದಲೇ ಎಬ್ಬಿಸಲ್ಪಟ್ಟವನ ಪಾಡನ್ನು ಊಹಿಸಬಹುದು. ಸಂದೇಹವುಳ್ಳವರು ಕೂಡ ಸಂಘವನ್ನು ಬಿಡದೆ ವರ್ಷಾನುವರ್ಷ ತಲೆಬಾಗಿರುವುದಕ್ಕೆ ಕಾರಣ ಮೌಢ್ಯವೆಂದು ನಗುವವರು ಈ ಯಾತನೆಯನ್ನು ಅರಿತವರಲ್ಲ.

ಇನ್ನು ಆ ಸೋದರಿಯ ಮಾತು. 1950ರ ದಶಕದಲ್ಲಿ ಸಾಲಮನ್ ಆಶ್ ಎಂಬ ಮನೋವಿಜ್ಞಾನಿ ಗೆರೆಗಳ ಉದ್ದವನ್ನು ಹೋಲಿಸುವ ಅತಿ ಸುಲಭವಾದ ಪ್ರಶ್ನೆಯನ್ನು ಕೇಳಿ, ಮೊದಲೇ ಏರ್ಪಾಡಾದವರೆಲ್ಲರೂ ಒಕ್ಕೊರಲಿನಿಂದ ತಪ್ಪು ಹೇಳುವಂತೆ ಮಾಡಿದಾಗ, ನಡುವೆ ಕುಳಿತ ಪರೀಕ್ಷಾರ್ಥಿಗಳು ಸುಮಾರು ಶೇಕಡ 37ರಷ್ಟು ಸಲ ಕಣ್ಣೆದುರಿನ ಸತ್ಯವನ್ನು ಬಿಟ್ಟು ಗುಂಪಿನ ತಪ್ಪನ್ನೇ ನುಡಿದರು. ಆದರೆ ಸರಿಯಾದುದನ್ನು ಹೇಳುವ ಒಬ್ಬನೇ ಒಬ್ಬನು ಜೊತೆಗಿದ್ದಾಗ, ಆ ತಪ್ಪುಗಳು ಕಾಲುಭಾಗಕ್ಕೆ ಇಳಿದವು. ಅನ್ನವಿಕ್ಕಿದ ಸೋದರಿ ಪದ್ಯಗಳ ಶಾಸ್ತ್ರಾರ್ಥವನ್ನು ವಾದಿಸಿರಬೇಕಾಗಿಲ್ಲ. ಒಂದು ಎಲೆಯನ್ನು ಹಾಸಿದುದರಿಂದಲೇ ಕಟ್ಟಿನ ಒಕ್ಕೊರಲು ಒಡೆಯಿತು.

ಬಿಟ್ಟು ಬಂದ ಮೇಲಿನ ದಾರಿಯನ್ನು ಬಲ್ಲವಳು ಹೆಲೆನ್ ರೋಸ್ ಈಬಾ. ಸ್ವತಃ ಕ್ರೈಸ್ತ ಸಂನ್ಯಾಸಿನಿಯಾಗಿದ್ದು, ಆ ಆಶ್ರಮವನ್ನು ತೊರೆದು ಸಮಾಜಶಾಸ್ತ್ರಜ್ಞೆಯಾದ ಆಕೆ, ನಾನಾ ಬಗೆಯ ಬಾಳನ್ನು ಬಿಟ್ಟುಬಂದ 185 ಮಂದಿಯೊಡನೆ ಮಾತನಾಡಿ 1988ರಲ್ಲಿ ಬರೆದ ಗ್ರಂಥದಲ್ಲಿ, ಮೊದಲು ಸಂದೇಹ, ಅನಂತರ ಬೇರೆ ದಾರಿಗಳ ಅರಸುವಿಕೆ, ಬಳಿಕ ಒಂದು ತಿರುವು, ಆಮೇಲೆ ‘ಹಿಂದೆ ಹಾಗಿದ್ದವನು’ ಎಂಬ ಹೊಸ ಗುರುತಿನ ನಿರ್ಮಾಣ ಎಂಬುದಾಗಿ ಈ ಪಯಣವನ್ನು ಗುರುತಿಸಿದ್ದಾಳೆ. ಹಳೆಯದು ಹೋಗಿ ಹೊಸದು ಬಾರದ ಶೂನ್ಯಾವಸ್ಥೆ ನಡುವೆ ಬರುತ್ತದೆ. ಹಳೆಯ ಬಾಳಿನ ಶೇಷವೂ ಎಂದೆಂದಿಗೂ ಪೂರ್ತಿಯಾಗಿ ಅಳಿಯುವುದಿಲ್ಲ.

ಆದುದರಿಂದ ರತ್ನಾಕರನು ಮರಳಿದುದನ್ನು ಸೋಲೆಂದು ಎಣಿಸಲು ನನಗೆ ಮನಸ್ಸಿಲ್ಲ. ಭೋಗದ ನಡುವೆ ರಾಜ್ಯವಾಳುತ್ತಲೇ ಯೋಗಿಯಾಗಿದ್ದ ಭರತನನ್ನು ಕಂಡರಿಸಿದವನಿಗೆ, ಧರ್ಮವೂ ಧರ್ಮದ ಆಡಳಿತವೂ ಒಂದೇ ಅಲ್ಲವೆಂಬುದು ತಿಳಿಯದೆ ಇದ್ದೀತೆ? ಅವನ ಶತಕವೊಂದರಲ್ಲಿ ಪದ್ಯಪದ್ಯದ ಕೊನೆಗೂ ಭಗವಂತನನ್ನು ಕರೆಯುವ ಹೆಸರು ರತ್ನಾಕರಾಧೀಶ್ವರ. ಊರಿಗಾಗಲಿ ಪೀಠಕ್ಕಾಗಲಿ ಅಲ್ಲ, ರತ್ನಾಕರನಿಗೆ ಒಡೆಯ.