ಹಸಿರುಗಟ್ಟಿದ ಕೊಳಕ್ಕೆ ಟ್ಯಾಂಕರ್ ನೀರು ಮದ್ದಲ್ಲ

ಮಾರ್ಚ್ ಬಿಸಿಲು ಏರುತ್ತಿದ್ದಂತೆ ಬೆಂಗಳೂರಿನ ಮನೆಯಂಗಳದ ಕೊಳಗಳು ಹಸಿರುಗಟ್ಟತೊಡಗುತ್ತವೆ. ತಳದ ಕಲ್ಲು ಕಾಣುತ್ತಿದ್ದ ನೀರಿನಲ್ಲಿ ಮೀನೂ ಕಾಣದಂತಾಗುತ್ತದೆ. ಆಗ ಬಹಳ ಮಂದಿ ನೀರನ್ನೆಲ್ಲ ಚೆಲ್ಲಿ, ಗೋಡೆ ತಿಕ್ಕಿ, ಟ್ಯಾಂಕರ್ ತರಿಸಿ ತುಂಬಿಸುತ್ತಾರೆ. ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ಇದನ್ನು ನೋಡಿದರೆ ಸಂಕಟವಾಗುತ್ತದೆ. ಅಷ್ಟು ಮಾಡಿದರೂ ಕೆಲವೇ ದಿನಗಳಲ್ಲಿ ಪಾಚಿ ಮತ್ತೆ ಹಾಜರ್.

ಕಾರಣ ಇಷ್ಟೇ: ಮೀನಿನ ವಿಸರ್ಜನೆಯಿಂದ, ಕೊಳೆತ ತಿನಿಸಿನಿಂದ ಅಮೋನಿಯಾ ಹುಟ್ಟುತ್ತದೆ. ಕಲ್ಲು, ಗೋಡೆ, ಫಿಲ್ಟರ್ ಸ್ಪಂಜಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಗಿಡಗಳು ಹೀರುತ್ತವೆ. ತಿಕ್ಕಿ ತೊಳೆದಾಗ ಈ ಬ್ಯಾಕ್ಟೀರಿಯಾಗಳೂ ಕೊಚ್ಚಿಹೋಗಿ, ಅಮೋನಿಯಾ ಪಾಚಿಯ ಪಾಲಾಗುತ್ತದೆ. ಸ್ಪಂಜನ್ನು ಕೊಳದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು. ನಲ್ಲಿನೀರಿನ ಕ್ಲೋರಿನ್ ಈ ಬ್ಯಾಕ್ಟೀರಿಯಾಗಳಿಗೆ ವಿಷ.

ಪಾಚಿಗೆ ಬೇಕಾದ್ದು ಬಿಸಿಲು, ಸಾರಜನಕ, ರಂಜಕ. ಹಾಗಾಗಿ ಮೊದಲು ಬಿಗಿ ಮಾಡಬೇಕಾದ್ದು ಮೀನಿನ ಆಹಾರದ ಡಬ್ಬಿಯನ್ನು: ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಆಮೇಲೆ ನೆರಳು. ನೈದಿಲೆಯ ಎಲೆಗಳು ನೀರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜಾಗವನ್ನು ಮುಚ್ಚಿದರೆ ಪಾಚಿ ಸೊರಗುತ್ತದೆ. ಆದರೆ ನೈದಿಲೆಯ ಕುಂಡಕ್ಕೆ ಕೊಟ್ಟಿಗೆ ಗೊಬ್ಬರ ಬೆರೆಸಬೇಡಿ, ಅದರ ಸಾರ ಬಸಿದು ಪಾಚಿಯ ಪಾಲಾಗುತ್ತದೆ. ಬರೀ ಜೇಡಿಮಣ್ಣು ತುಂಬಿ, ಮೀನು ಕೆದಕದಂತೆ ಮೇಲೊಂದು ಪದರ ಜಲ್ಲಿ ಹರಡಿ. ಅಂತರಗಂಗೆಯೂ ಸಾರವನ್ನು ಬಲು ಬೇಗ ಹೀರುತ್ತದೆ. ವಾರಕ್ಕೊಮ್ಮೆ ಬಾಚಿ ತೆಗೆದು ಕಾಂಪೋಸ್ಟ್ ಗುಂಡಿಗೆ ಹಾಕಿ. ದಯವಿಟ್ಟು ಮೋರಿಗೆ, ಕೆರೆಗೆ ಎಸೆಯಬೇಡಿ. ನಮ್ಮ ಕೆರೆಗಳು ಇಂಥ ಕಳೆಯಿಂದಲೇ ಉಸಿರುಗಟ್ಟಿವೆ.

ಅತಿನೇರಳೆ (ಯುವಿ) ದೀಪ ನೀರಲ್ಲಿ ತೇಲುವ ಹಸಿರನ್ನು ತಿಳಿಯಾಗಿಸುತ್ತದೆ. ಕಲ್ಲಿಗೆ ಅಂಟಿದ ನೂಲುಪಾಚಿಗೆ ಅದು ನಾಟದು. ಆ ಪಾಚಿಯನ್ನು ಒರಟು ಕೋಲಿಗೆ ಸುತ್ತಿ ಎಳೆದು ತೆಗೆಯಬೇಕು.

ಅಡಿಕೆಗೆ ಹೊಡೆಯುವ ಬೋರ್ಡೊ ದ್ರಾವಣದ ಮೈಲುತುತ್ತನ್ನು ಕೊಳಕ್ಕೂ ಹಾಕುವವರಿದ್ದಾರೆ. ಪಾಚಿ ಸಾಯುವುದು ನಿಜ. ಪ್ರಮಾಣ ತುಸು ಮೀರಿದರೂ ಮೀನು, ಬಸವನಹುಳುಗಳೂ ಸಾಯುತ್ತವೆ. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಮುಗಿಸಿಬಿಡುತ್ತದೆ. ಮೀನು ಸಾಕಿದವರು ಮೈಲುತುತ್ತಿನ ಹತ್ತಿರ ಹೋಗಲೇಬಾರದು.

ಜೀವಂತ ಪಾಚಿಯೂ ಹಗಲು ಆಮ್ಲಜನಕ ಕೊಟ್ಟು, ರಾತ್ರಿ ಅದನ್ನೇ ಬಳಸಿಕೊಳ್ಳುತ್ತದೆ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅವಕ್ಕೆ ಉಸಿರಾಟ ಕಷ್ಟವಾಗಿದೆ ಎಂದರ್ಥ. ಕರೆಂಟ್ ಉಳಿಸಲೆಂದು, ನೀರಿಗೆ ಗಾಳಿ ಬೆರೆಸುವ ಕಾರಂಜಿಯನ್ನು ಮಲಗುವ ಮುನ್ನ ಆರಿಸುವವರೇ ಹೆಚ್ಚು. ಉಳಿಸಲೇಬೇಕೆಂದಿದ್ದರೆ ಮಧ್ಯಾಹ್ನ ಆರಿಸಿ, ರಾತ್ರಿಯಿಡೀ ಓಡಲಿ.