ನಿಮಗಿದು ಗೊತ್ತೆ? ಸಜ್ಜೆಗೆ ಗಾಳಿ ಬೇಕು, ರಾಗಿಗೆ ಬೇಡ

ಹಳೆಯ ನಾಟಿ ತಳಿಯ ಸಜ್ಜೆ ಹೊಲದಲ್ಲಿ ಒಂದು ಗಿಡದಂತೆ ಇನ್ನೊಂದಿಲ್ಲ. ಎತ್ತರ, ತೆನೆಯ ಉದ್ದ, ಹೂ ಬಿಡುವ ದಿನ ಎಲ್ಲವೂ ಏರುಪೇರು. ಸಜ್ಜೆಯ ತೆನೆಯಲ್ಲಿ ಹೆಣ್ಣುಭಾಗ ಮೊದಲು ಹೊರಬರುತ್ತದೆ, ಪರಾಗ ಬರುವುದು ಆಮೇಲೆ. ಹಾಗಾಗಿ ಗಾಳಿ ತಂದ ಪಕ್ಕದ ಗಿಡದ ಪರಾಗಕ್ಕೇ ಮೊದಲ ಅವಕಾಶ. ಪ್ರತಿ ಪೀಳಿಗೆಯಲ್ಲೂ ವಂಶವಾಹಿಗಳು ಕಲೆಯುತ್ತಲೇ ಇರುತ್ತವೆ.

ರಾಗಿಯದು ಬೇರೆಯೇ ಸ್ವಭಾವ. ಅದರ ಪುಟ್ಟ ಹೂವು ತನ್ನದೇ ಪರಾಗದಿಂದ ಕಾಳುಕಟ್ಟುತ್ತದೆ. ಹೊರಗಿನ ಪರಾಗ ಸೇರುವುದು ನೂರರಲ್ಲಿ ಒಂದೂ ಕಷ್ಟ. ಹೀಗೆ ಸ್ವಕೀಯ ಪರಾಗಸ್ಪರ್ಶವಾದಾಗ ಗಿಡದೊಳಗಿನ ಮಿಶ್ರ ವಂಶವಾಹಿ ಜೋಡಿಗಳು ಪೀಳಿಗೆಗೊಮ್ಮೆ ಅರ್ಧಕ್ಕಿಳಿಯುತ್ತವೆ: 100 ಇದ್ದದ್ದು 50, ಮತ್ತೆ 25, ಆಮೇಲೆ 12.5. ಏಳೆಂಟು ಬೆಳೆ ಕಳೆಯುವಷ್ಟರಲ್ಲಿ ಲೆಕ್ಕಕ್ಕೇ ಸಿಗದಷ್ಟು.

ಹಾಗೆಂದು ರಾಗಿಯಲ್ಲಿ ವೈವಿಧ್ಯ ಇಲ್ಲವೆನ್ನಬೇಡಿ. ಅದು ಒಂದು ಹೊಲದೊಳಗೆ ಕಡಿಮೆ, ಊರಿಂದೂರಿಗೆ, ದೇಶದಿಂದ ದೇಶಕ್ಕೆ ಹೆಚ್ಚು. ದೂರದ ಈ ತಳಿಗಳು ತಾವಾಗಿ ಬೆರೆಯುವುದಿಲ್ಲ, ಮನುಷ್ಯನೇ ಬೆರೆಸಬೇಕು. ಸೂಜಿಮೊನೆಯಂಥ ಹೂವಿನಲ್ಲಿ ಅದು ಸುಲಭದ ಕೆಲಸವಲ್ಲ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಮಂಡ್ಯದ ವಿ.ಸಿ. ಫಾರಂನ ವಿಜ್ಞಾನಿ ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಗೊಳಿಸಿದರು. ‘ಇಂಡಾಫ್’ ತಳಿಗಳು ಹುಟ್ಟಿದ್ದು ಹಾಗೆ.

ಬೀಜ ಸಂಗ್ರಹಿಸುವವರಿಗೂ ಈ ಲೆಕ್ಕ ಗೊತ್ತಿರಬೇಕು. ಸಜ್ಜೆಯಾದರೆ ಒಂದೇ ಹೊಲದ ಹತ್ತಾರು ಗಿಡಗಳಿಂದ ತೆನೆ ಆಯ್ದರೂ ಬಹಳಷ್ಟು ವೈವಿಧ್ಯ ಸಿಕ್ಕೀತು. ರಾಗಿಗಾದರೆ ಊರೂರು ಸುತ್ತಬೇಕು.