ಪೊದೆಯೊಳಗಿನ ‘ಚಕ್’ ಸದ್ದು: ವೃಷಭಾವತಿ ಕಣಿವೆಯ ಉಲಿಯಕ್ಕಿಗಳು

ಬೆಂಗಳೂರು: ಮಾಗಡಿ ರಸ್ತೆಯ ಬ್ಯಾಡರಹಳ್ಳಿ, ಹೇರೋಹಳ್ಳಿ ಭಾಗದ ಖಾಲಿ ನಿವೇಶನಗಳ ಪೊದೆಗಳಿಂದ ಚಳಿಗಾಲದಲ್ಲಿ ‘ಚಕ್... ಚಕ್’ ಎಂಬ ಸದ್ದು ಕೇಳಿಬರುವುದುಂಟು. ಹಕ್ಕಿ ಮಾತ್ರ ಸುಲಭವಾಗಿ ಕಣ್ಣಿಗೆ ಬೀಳದು. ಅದು ಬ್ಲೈತ್ ರೀಡ್ ವಾರ್ಬ್ಲರ್ ಎಂಬ ಉಲಿಯಕ್ಕಿ. ಏಪ್ರಿಲ್ ಕಳೆಯುತ್ತಿದ್ದಂತೆ ಆ ಸದ್ದು ನಿಲ್ಲುತ್ತದೆ. ಹಕ್ಕಿಗಳು ನಾಶವಾದವು ಎಂದು ಇದರ ಅರ್ಥವಲ್ಲ.

ಚಳಿಗಾಲದ ಅತಿಥಿ

ಸುಮಾರು ಹತ್ತು-ಹನ್ನೆರಡು ಗ್ರಾಂ ತೂಗುವ ಈ ಕಂದು ಹಕ್ಕಿ ಗೂಡು ಕಟ್ಟುವುದು ಫಿನ್ಲೆಂಡ್, ರಷ್ಯಾ ಹಾಗೂ ಮಧ್ಯ ಏಷ್ಯಾದಲ್ಲಿ. ಅಲ್ಲಿ ಚಳಿ ಆರಂಭವಾಗುವ ಮುನ್ನವೇ ಹೊರಟು, ಸೆಪ್ಟೆಂಬರ್-ಅಕ್ಟೋಬರ್ ವೇಳೆಗೆ ದಕ್ಷಿಣ ಭಾರತವನ್ನು ತಲುಪುತ್ತದೆ. ಪಯಣದಿಂದ ಸವೆದ ಗರಿಗಳನ್ನು ಬದಲಿಸಿಕೊಳ್ಳುವುದೂ ಭಾರತದಲ್ಲಿಯೇ. ಅದಕ್ಕೆ ಬೇಕಾದ ಹುಳುಹುಪ್ಪಟೆ ದೊರೆಯುವುದು ದಟ್ಟ ಪೊದೆಗಳಲ್ಲಿ.

ಇಲ್ಲಿಯೇ ಗೂಡು ಕಟ್ಟುವ ಬಂಧು

ಹಿಂದೆ ರೆನ್-ವಾರ್ಬ್ಲರ್ ಎಂದು ಕರೆಯಲಾಗುತ್ತಿದ್ದ ಬೂದು ಬಣ್ಣದ ಆಶಿ ಪ್ರಿನಿಯಾ ವರ್ಷವಿಡೀ ಇಲ್ಲಿಯೇ ಇರುತ್ತದೆ. ಮುಖ್ಯವಾಗಿ ಮಳೆಗಾಲದಲ್ಲಿ, ಎಲೆಗಳನ್ನು ಜೇಡರ ನೂಲಿನಿಂದ ಹೊಲಿದು, ನೆಲಕ್ಕೆ ಸಮೀಪದಲ್ಲಿ ಗೂಡು ಮಾಡಿ ಮೂರರಿಂದ ಐದು ಇಟ್ಟಿಗೆಗೆಂಪು ಮೊಟ್ಟೆಗಳನ್ನಿಡುತ್ತದೆ. ಮರಿಗಳು ಹೊರಬರಲು ಸುಮಾರು 12 ದಿನ ಸಾಕು.

ಎಣಿಕೆಯ ಎಚ್ಚರ

ಆದ್ದರಿಂದ ಜನವರಿಯ ಎಣಿಕೆಯನ್ನು ಜೂನ್ ತಿಂಗಳ ಎಣಿಕೆಯೊಂದಿಗೆ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರಬೇಕಾಗುತ್ತದೆ. ಹಲವು ವರ್ಷಗಳ ಅದೇ ತಿಂಗಳುಗಳನ್ನು ಹೋಲಿಸಬೇಕು. ಹಾಡು ಕೇಳಿದ ಮಾತ್ರಕ್ಕೆ ಸಂತಾನ ವೃದ್ಧಿಯಾಗಿದೆ ಎನ್ನಲಾಗದು. ಗೂಡು, ಕೊಕ್ಕಿನಲ್ಲಿ ಆಹಾರ ಒಯ್ಯುವ ಹಕ್ಕಿ ಅಥವಾ ಮರಿಗಳು ಕಾಣಬೇಕು.

2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯು ಆಶಿ ಪ್ರಿನಿಯಾದ ಸಂಖ್ಯೆ ಹೆಚ್ಚುತ್ತಿದೆ ಎಂದಿದೆ. ಅದೇ ವರದಿ, ದೂರದಿಂದ ವಲಸೆ ಬರುವ ಹಕ್ಕಿಗಳು ಒಟ್ಟಾರೆಯಾಗಿ ಕುಸಿತ ಕಂಡಿವೆ ಎಂದೂ ಹೇಳಿದೆ.

ಪೊದೆ ಉಳಿದರೆ ಹಕ್ಕಿ

ಹೇರೋಹಳ್ಳಿ, ಉಲ್ಲಾಳ, ಮಲ್ಲತ್ತಹಳ್ಳಿ ಕೆರೆಗಳು ಸೇರಿರುವುದು ವೃಷಭಾವತಿ ಕಣಿವೆಗೆ. ನಗರದ ಕೊಳಚೆಯನ್ನು ಹೊತ್ತ ಈ ನದಿ ಮುಂದೆ ಅರ್ಕಾವತಿಯನ್ನು ಕೂಡಿಕೊಂಡು ಕಾವೇರಿ ಸೇರುತ್ತದೆ. ಕೆರೆ ಅಭಿವೃದ್ಧಿಯೆಂದರೆ ಕಲ್ಲುಕಟ್ಟಡ, ನಡಿಗೆ ಪಥ, ಹುಲ್ಲುಹಾಸು ಎಂಬ ಭಾವನೆಯಿದೆ. ಆದರೆ ಮಳೆಗಾಲದಲ್ಲಿ ದಡದ ಪೊದೆ ಸವರಿದರೆ ಪ್ರಿನಿಯಾದ ಗೂಡುಗಳು ನಾಶವಾಗುತ್ತವೆ. ಚಳಿಗಾಲದಲ್ಲಿ ಸವರಿದರೆ ಸಾವಿರಾರು ಕಿಲೋಮೀಟರ್ ಹಾರಿ ಬಂದ ಅತಿಥಿಗೆ ಆಹಾರ ಇಲ್ಲವಾಗುತ್ತದೆ.

ದಡದ ಒಂದು ಭಾಗದ ಜೊಂಡು ಮತ್ತು ಪೊದೆಯನ್ನು ಮುಟ್ಟದೆ ಬಿಡುವುದು, ಅನಿವಾರ್ಯವಾದಲ್ಲಿ ಏಪ್ರಿಲ್ ಕೊನೆಯಿಂದ ಮಳೆಗೆ ಮುನ್ನ, ಗೂಡುಗಳಿಲ್ಲವೆಂದು ಖಚಿತಪಡಿಸಿಕೊಂಡು, ಸ್ವಲ್ಪ ಸ್ವಲ್ಪವಾಗಿ ಕತ್ತರಿಸುವುದು ಸುಲಭದ ಪರಿಹಾರ. ಇದಕ್ಕೆ ಹೆಚ್ಚಿನ ವೆಚ್ಚವೇನೂ ತಗುಲದು.